ಕಾರಣ ಹೇಳದ ಬಂಧನ

ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಇಂದು ಫ್ರೀಡಂ ಪಾರ್ಕ್ ಇರುವ ಜಾಗ 2000ದವರೆಗೆ ಸೆಂಟ್ರಲ್ ಜೈಲಾಗಿತ್ತು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಗೋಡೆಗಳು ಬಹುಪಾಲು ಉರುಳಿದವು, ನಡುವಿನ ಕಾವಲು ಗೋಪುರ ಉಳಿಯಿತು. ಗೋಪುರ ಹತ್ತಿ ನಿಂತ ಒಬ್ಬನೇ ಕಾವಲುಗಾರನಿಗೆ ಸುತ್ತಲಿನ ಬ್ಯಾರಕ್ಕುಗಳೆಲ್ಲ ಕಣ್ಣಿಗೆ ಬೀಳಬೇಕು, ಹಾಗೆ ಕಟ್ಟಿದ ಜೈಲು ಅದು.

ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಅವರು ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಇಲ್ಲಿ 14 ತಿಂಗಳು ಕಳೆದರು. ಆಗ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ, ತಾವೇ ಹೋರಾಡಿ ತಂದ ಸ್ವರಾಜ್ಯದಲ್ಲಿ, ಪ್ರಧಾನಿ ಇಂದಿರಾ ಗಾಂಧಿಯವರಿಗೆ ಕಟುವಾದ ಪತ್ರ ಬರೆದದ್ದಕ್ಕೆ ಅವರು ಮತ್ತೆ ಕಂಬಿ ಎಣಿಸಬೇಕಾಯಿತು. ನಾಲ್ಕು ತಿಂಗಳ ನಂತರ ಅವರನ್ನು ಬಿಡುಗಡೆ ಮಾಡಿದ್ದು ಕೆಳಹಂತದ ಒಂದು ನ್ಯಾಯಾಲಯ. ಸರ್ಕಾರವನ್ನು ಟೀಕಿಸುವುದು ನಾಗರಿಕನ ಹಕ್ಕು ಎಂದು ಅದು ಹೇಳಿತು. ದೊರೆಸ್ವಾಮಿ ಅವರ ಮೇಲೆ ಒಂದು ಮೊಕದ್ದಮೆಯಾದರೂ ಇತ್ತು. ಮೊಕದ್ದಮೆ ಇದ್ದರೆ ಆರೋಪವೊಂದು ಇರುತ್ತದೆ, ವಕೀಲರು ಇರುತ್ತಾರೆ, ಕೇಳುವ ನ್ಯಾಯಾಧೀಶರೊಬ್ಬರು ಇರುತ್ತಾರೆ. ಅದೇ ದಿನಗಳಲ್ಲಿ ದೇಶದ ಜೈಲುಗಳಲ್ಲಿದ್ದ ಇನ್ನೂ ಸಾವಿರಾರು ಜನರಿಗೆ ಇವು ಯಾವುದೂ ಇರಲಿಲ್ಲ.

ಮುಂಜಾಗ್ರತಾ ಬಂಧನವೆಂದರೆ ಇದೇ. ಮಾಡಿದ ತಪ್ಪಿಗೆ ಶಿಕ್ಷೆಯಲ್ಲ, ಮಾಡಬಹುದು ಎಂಬ ಅನುಮಾನಕ್ಕೆ ಸೆರೆ.

ಈ ಪದ್ಧತಿಗೆ ಇನ್ನೂರು ವರ್ಷ ದಾಟಿದೆ. ಈಸ್ಟ್ ಇಂಡಿಯಾ ಕಂಪನಿ ತಂದ 1818ರ ಬಂಗಾಳ ರೆಗ್ಯುಲೇಷನ್ 3, ‘ರಾಜ್ಯದ ಹಿತ’ದ ಹೆಸರಿನಲ್ಲಿ ಯಾರನ್ನಾದರೂ ವಿಚಾರಣೆಯಿಲ್ಲದೆ ಹಿಡಿದಿಡುವ ಅಧಿಕಾರವನ್ನು ಗವರ್ನರ್ ಜನರಲ್‌ಗೆ ಕೊಟ್ಟಿತು. ಸುಮಾರು ತೊಂಬತ್ತು ವರ್ಷ ಹಳೆಯದಾಗಿದ್ದ ಇದೇ ನಿಯಮವನ್ನು ಹೊರತೆಗೆದು 1907ರಲ್ಲಿ ಲಾಲಾ ಲಜಪತ ರಾಯ್ ಮತ್ತು ಭಗತ್ ಸಿಂಗ್‌ರ ಚಿಕ್ಕಪ್ಪ ಅಜಿತ್ ಸಿಂಗ್ ಅವರನ್ನು ಬರ್ಮಾದ ಮಂಡಾಲೆಗೆ ಸಾಗಿಸಲಾಯಿತು. ಮರುವರ್ಷ ಬಾಲಗಂಗಾಧರ ತಿಲಕರೂ ಅದೇ ಮಂಡಾಲೆಯ ದಾರಿ ಹಿಡಿದರು. ಆದರೆ ತಿಲಕರ ಮೇಲೆ ರಾಜದ್ರೋಹದ ಆರೋಪವಿತ್ತು, ಮುಂಬೈ ಹೈಕೋರ್ಟಿನಲ್ಲಿ ವಿಚಾರಣೆ ನಡೆಯಿತು, ಅವರು ಕಟಕಟೆಯಲ್ಲಿ ನಿಂತು ತಮ್ಮ ಪರವಾಗಿ ತಾವೇ ವಾದಿಸಿದರು. ಆ ವಿಚಾರಣೆ ಅನ್ಯಾಯದ್ದೇ ಇರಬಹುದು. ಆದರೂ ಅವರ ಮಾತನ್ನು ದೇಶ ಕೇಳಿತು. ಲಜಪತ ರಾಯ್ ಅವರಿಗೆ ಆ ಅವಕಾಶವೂ ಸಿಗಲಿಲ್ಲ.

ಮೊದಲ ಮಹಾಯುದ್ಧದ ನೆಪದಲ್ಲಿ 1915ರ ಭಾರತ ರಕ್ಷಣಾ ಕಾಯ್ದೆ ಬಂತು. ಯುದ್ಧ ಮುಗಿದರೂ ಆ ಅಧಿಕಾರವನ್ನು ಬಿಡಲು ಸರ್ಕಾರಕ್ಕೆ ಮನಸ್ಸಾಗಲಿಲ್ಲ. ಅದನ್ನು ಶಾಂತಿಯ ಕಾಲಕ್ಕೂ ಮುಂದುವರಿಸಲು 1919ರ ಮಾರ್ಚ್‌ನಲ್ಲಿ ರೌಲತ್ ಕಾಯ್ದೆ ಮಾಡಲಾಯಿತು. ವಿಚಾರಣೆಯಿಲ್ಲದೆ ಎರಡು ವರ್ಷ ಸೆರೆಯಲ್ಲಿಡಲು ಅದು ಅವಕಾಶ ಕೊಟ್ಟಿತು. ಏಪ್ರಿಲ್ 10ರಂದು ಅಮೃತಸರದ ನಾಯಕರಾದ ಡಾ. ಸೈಫುದ್ದೀನ್ ಕಿಚ್ಲೂ ಮತ್ತು ಡಾ. ಸತ್ಯಪಾಲ್ ಅವರನ್ನು ಹಿಡಿದು ಊರಿನಿಂದ ಹೊರಗೆ ಸಾಗಿಸಿದರು. ಮೂರು ದಿನಗಳ ನಂತರ ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ್ದ ಜನರ ಬೇಡಿಕೆಗಳಲ್ಲಿ ಈ ಇಬ್ಬರ ಬಿಡುಗಡೆಯೂ ಒಂದು. ಅಲ್ಲಿ ಏನಾಯಿತೆಂಬುದನ್ನು ಈ ನಾಡಿನ ಪ್ರತಿ ಮಗುವೂ ಶಾಲೆಯಲ್ಲಿ ಓದುತ್ತದೆ. ಅದರ ಹಿಂದೆ ವಿಚಾರಣೆಯಿಲ್ಲದ ಬಂಧನದ ಕಾಯ್ದೆ ಇತ್ತೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಇಂಥ ಕಾನೂನುಗಳ ಪೆಟ್ಟು ತಿಂದವರೇ ಸಂವಿಧಾನ ಬರೆಯಲು ಕುಳಿತರು. ಆದರೂ ಮುಂಜಾಗ್ರತಾ ಬಂಧನ ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಭಾಗದಲ್ಲಿಯೇ, 22ನೇ ವಿಧಿಯಲ್ಲಿ, ಜಾಗ ಪಡೆಯಿತು. ಈ ಕಥೆಯಲ್ಲಿ ಮಂಗಳೂರು ಮೂಲದ ಇಬ್ಬರು ಬರುತ್ತಾರೆ. ಒಬ್ಬರು ಸಂವಿಧಾನ ಸಲಹೆಗಾರ ಬೆನೆಗಲ್ ನರಸಿಂಗ ರಾವ್. ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದ ಮೇಲೆ, ಕಾನೂನು ನ್ಯಾಯಯುತವಾಗಿದೆಯೇ ಎಂದು ಅಳೆಯುವ ಅಧಿಕಾರ ನ್ಯಾಯಾಲಯಕ್ಕೆ ಬೇಡವೆಂಬ ಅಭಿಪ್ರಾಯಕ್ಕೆ ಅವರು ಬಂದರು. 21ನೇ ವಿಧಿಯಲ್ಲಿ ‘ಕಾನೂನು ಸ್ಥಾಪಿಸಿದ ಕಾರ್ಯವಿಧಾನ’ ಎಂಬ ಸಪ್ಪೆ ಮಾತು ಸೇರಿತು. ಹಾಗೆ ಬಿಟ್ಟುಹೋದ ರಕ್ಷಣೆಯನ್ನು ಸ್ವಲ್ಪವಾದರೂ ತುಂಬಿಕೊಡಬೇಕೆಂದೇ ಅಂಬೇಡ್ಕರ್ 1949ರ ಸೆಪ್ಟೆಂಬರ್‌ನಲ್ಲಿ 22ನೇ ವಿಧಿಯ ಕರಡನ್ನು ಮಂಡಿಸಿದರು. ಸಲಹಾ ಮಂಡಳಿ, ಮೂರು ತಿಂಗಳ ಮಿತಿ, ಬಂಧನದ ಕಾರಣ ತಿಳಿಸುವ ಕರ್ತವ್ಯ ಎಲ್ಲವೂ ಅದರಲ್ಲಿದ್ದವು. ಇನ್ನೊಬ್ಬರು ಎಚ್.ವಿ. ಕಾಮತ್. ತುರ್ತುಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ, ಜರ್ಮನಿಯ ವೈಮರ್ ಸಂವಿಧಾನದ ಇಂಥದೇ ವಿಧಿಗಳು ಹಿಟ್ಲರನಿಗೆ ದಾರಿ ಮಾಡಿಕೊಟ್ಟದ್ದನ್ನು ನೆನಪಿಸಿ ಅವರು ಎಚ್ಚರಿಸಿದರು. ಸಂವಿಧಾನ ರಚನಾ ಸಭೆ ಒಪ್ಪಲಿಲ್ಲ.

ಸಭೆಯ ಭಯ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ದೇಶ ವಿಭಜನೆಯ ನೆತ್ತರು ಆರಿರಲಿಲ್ಲ, ಗಾಂಧೀಜಿಯ ಹತ್ಯೆಯಾಗಿತ್ತು, ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ಇನ್ನೂ ಉರಿಯುತ್ತಿತ್ತು. ಗಣರಾಜ್ಯಕ್ಕೆ ಒಂದು ತಿಂಗಳು ತುಂಬುವ ಹೊತ್ತಿಗೆ, 1950ರ ಫೆಬ್ರವರಿಯಲ್ಲಿ, ಗೃಹಮಂತ್ರಿ ಸರ್ದಾರ್ ಪಟೇಲರು ಮುಂಜಾಗ್ರತಾ ಬಂಧನ ಕಾಯ್ದೆಯನ್ನು ಸಂಸತ್ತಿಗೆ ತಂದರು. ಇದಕ್ಕಾಗಿ ಎರಡು ರಾತ್ರಿ ನಿದ್ದೆಗೆಟ್ಟಿದ್ದಾಗಿ ಅವರು ಸದನದಲ್ಲಿ ಹೇಳಿಕೊಂಡರು. ಅದು ಕೇವಲ ಒಂದು ವರ್ಷಕ್ಕೆ ಮಾಡಿದ ಕಾಯ್ದೆ. ಮತ್ತೆ ಮತ್ತೆ ನವೀಕರಣಗೊಂಡು 1969ರ ಕೊನೆಯವರೆಗೆ ಬದುಕಿತು. ಪಟೇಲರಿಗೆ ಬಾರದ ನಿದ್ದೆ ಮುಂದಿನವರಿಗೆ ಸಲೀಸಾಗಿ ಬಂದದ್ದೇ ಈ ಚರಿತ್ರೆಯ ದೊಡ್ಡ ನೋವು.

ಆ ಕಾಯ್ದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಮೊದಲು ಪ್ರಶ್ನಿಸಿದವರು ಕಣ್ಣೂರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್. 1950ರ ಮೇ 19ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಒಂದೇ ಒಂದು ಸೆಕ್ಷನ್ ಮಾತ್ರ ಬಿತ್ತು, 14ನೆಯದು. ಬಂಧನದ ಕಾರಣಗಳನ್ನು ನ್ಯಾಯಾಲಯದ ಮುಂದೆಯೂ ಬಯಲು ಮಾಡಬಾರದೆಂದು ಅದು ವಿಧಿಸಿತ್ತು. ಉಳಿದೆಲ್ಲವನ್ನೂ ಒಪ್ಪಿದ ನ್ಯಾಯಮೂರ್ತಿಗಳು ಕೂಡ ಇದನ್ನು ನುಂಗಲಿಲ್ಲ. ಸರ್ಕಾರ ಹಿಡಿಯಬಹುದು, ಆದರೆ ಏಕೆ ಹಿಡಿದೆ ಎಂಬುದನ್ನು ಕೋರ್ಟಿನಿಂದ ಬಚ್ಚಿಡುವಂತಿಲ್ಲ. ಭದ್ರತೆ ಮತ್ತು ಸ್ವಾತಂತ್ರ್ಯದ ನಡುವೆ ಗಣರಾಜ್ಯ ಎಳೆದ ಮೊದಲ ಗೆರೆ ಇದು. ತೆಳುವಾದ ಗೆರೆ, ಆದರೂ ಗೆರೆ.

ಇಪ್ಪತ್ತೈದು ವರ್ಷಗಳ ನಂತರ ಅದೂ ಅಳಿಯಿತು.

1971ರಲ್ಲಿ, ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದ ದಿನಗಳಲ್ಲಿ, ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ ಬಂತು. ಜನರ ಬಾಯಲ್ಲಿ ಅದು ‘ಮೀಸಾ’. ಆ ಕಾಯ್ದೆಯಡಿ ಜೈಲಿನಲ್ಲಿದ್ದ ಬಿಹಾರದ ಲಾಲು ಪ್ರಸಾದ್ ತಮ್ಮ ಮಗಳಿಗೆ ಅದೇ ಹೆಸರಿಟ್ಟರು. 1975ರ ಜೂನ್ 25ರ ರಾತ್ರಿ ಒಳಗಲಭೆಯ ಕಾರಣ ಕೊಟ್ಟು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಜೂನ್ 27ರ ರಾಷ್ಟ್ರಪತಿ ಆದೇಶ 14, 21 ಮತ್ತು 22ನೇ ವಿಧಿಗಳ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅಮಾನತಿನಲ್ಲಿಟ್ಟಿತು. ಎರಡು ದಿನ ಬಿಟ್ಟು ಸುಗ್ರೀವಾಜ್ಞೆಯ ಮೂಲಕ ಮೀಸಾಕ್ಕೆ 16ಎ ಸೆಕ್ಷನ್ ಸೇರಿತು. ಇನ್ನು ಬಂಧಿತನಿಗೆ ಕಾರಣ ಹೇಳಬೇಕಿಲ್ಲ. ಮುಂದೆ ಇನ್ನಷ್ಟು ತಿದ್ದಿ, ಆ ಕಾರಣಗಳು ರಾಜ್ಯದ ಗುಟ್ಟು, ಕೋರ್ಟಿಗೂ ತೋರಿಸಬೇಕಿಲ್ಲ ಎಂದು ಮಾಡಿದರು. 1950ರಲ್ಲಿ ಸತ್ತ 14ನೇ ಸೆಕ್ಷನ್ ಬೇರೆ ಸಂಖ್ಯೆ ಹೊತ್ತು ಎದ್ದು ಬಂದಿತ್ತು.

ಆ ಜೂನ್ 26ರ ಬೆಳಿಗ್ಗೆ ವಿರೋಧ ಪಕ್ಷಗಳ ನಾಯಕರಾದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಶ್ಯಾಮ್ ನಂದನ್ ಮಿಶ್ರಾ, ಮಧು ದಂಡವತೆ ಬೆಂಗಳೂರಿನಲ್ಲಿದ್ದರು. ಪಕ್ಷಾಂತರ ತಡೆ ಮಸೂದೆಯ ಕುರಿತ ಸಂಸದೀಯ ಸಮಿತಿಯ ಸಭೆಗೆಂದು ಬಂದು ಶಾಸಕರ ಭವನದಲ್ಲಿ ಇಳಿದಿದ್ದರು. ಸಭೆಗೆ ಬಂದವರು ಸೆಂಟ್ರಲ್ ಜೈಲು ಸೇರಿದರು. ಅವರ ಪರವಾಗಿ ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳು ಬಿದ್ದವು. ಹಿಡಿದವನನ್ನು ತಂದು ನಮ್ಮ ಮುಂದೆ ನಿಲ್ಲಿಸಿ ಕಾರಣ ಹೇಳು ಎಂದು ನ್ಯಾಯಾಲಯ ಸರ್ಕಾರವನ್ನು ಕೇಳಬೇಕೆಂಬ ಕೋರಿಕೆ ಅದು. ಅರ್ಜಿದಾರರ ಪರ ದುಡಿದ ವಕೀಲ ಎಂ. ರಾಮಾ ಜೋಯಿಸ್ ಅವರನ್ನೂ ಮೀಸಾ ಅಡಿಯಲ್ಲಿ ಬಂಧಿಸಿ ಅದೇ ಜೈಲಿಗೆ ಕಳಿಸಲಾಯಿತು. ಮುಂದೆ ಅವರು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು.

ಕರ್ನಾಟಕ ಹೈಕೋರ್ಟ್ ಇರುವ ಅಠಾರಾ ಕಚೇರಿಯ ನ್ಯಾಯಮೂರ್ತಿಗಳು ಬಾಗಿಲು ಮುಚ್ಚಲಿಲ್ಲ. ಇಂಥ ಅರ್ಜಿಗಳನ್ನು ಕೇಳುವ ಅಧಿಕಾರ ತಮಗಿದೆ ಎಂದು ದೇಶದ ಒಂಬತ್ತು ಹೈಕೋರ್ಟುಗಳು ಹೇಳಿದವು. ಕರ್ನಾಟಕದ್ದು ಅವುಗಳಲ್ಲಿ ಒಂದು. ಈ ಧೈರ್ಯವನ್ನು ಕನ್ನಡಿಗರು ಇನ್ನಷ್ಟು ಅಭಿಮಾನದಿಂದ ನೆನೆಯಬೇಕು. 1976ರಲ್ಲಿ 16 ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಬೇರೆ ರಾಜ್ಯಗಳಿಗೆ ವರ್ಗಾಯಿಸಿದಾಗ ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಗುವಾಹಟಿಗೂ ಹೋಗಬೇಕಾಯಿತು.

ಒಂಬತ್ತೂ ಹೈಕೋರ್ಟುಗಳ ಮಾತನ್ನು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಎಡಿಎಂ ಜಬಲ್‌ಪುರ ಪ್ರಕರಣವೆಂದು ಹೆಸರಾದ ಆ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ನೇರ ಪ್ರಶ್ನೆ ಹಾಕಿದ್ದರು: ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೆ ಏನು ಪರಿಹಾರ? ತುರ್ತುಪರಿಸ್ಥಿತಿ ಇರುವವರೆಗೆ ಪರಿಹಾರವಿಲ್ಲ ಎಂಬ ಉತ್ತರ ಬಂತು. ಅದನ್ನು ಕೇಳಿಯೂ ಐವರಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಬರೆದರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಕೊಟ್ಟರು. ತೀರ್ಪು ಹೊರಬೀಳುವ ಮುನ್ನವೇ, ಇದರಿಂದ ತಮಗೆ ಮುಖ್ಯ ನ್ಯಾಯಮೂರ್ತಿಯ ಹುದ್ದೆ ತಪ್ಪುತ್ತದೆಂದು ಅವರು ಸಹೋದರಿಗೆ ಹೇಳಿದ್ದರು. 1977ರ ಜನವರಿಯಲ್ಲಿ ಅವರಿಗಿಂತ ಕಿರಿಯರಾದ ಎಂ.ಎಚ್. ಬೇಗ್ ಆ ಹುದ್ದೆಗೆ ನೇಮಕವಾದರು, ಖನ್ನಾ ರಾಜೀನಾಮೆ ಕೊಟ್ಟರು.

ತೀರ್ಪು ಬಂದ ನಾಲ್ಕು ದಿನಗಳಿಗೆ, ಮೇ 2ರಂದು, ಸ್ನೇಹಲತಾ ರೆಡ್ಡಿ ಬಂಧನಕ್ಕೊಳಗಾದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ನಿಂತ ಕಲಾವಿದೆ ಅವರು, ಆ ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಪತ್ನಿ. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆ ಎಂಬುದೇ ಅವರ ಮೇಲಿನ ಅನುಮಾನಕ್ಕೆ ಮೂಲ. ಹಿಂದಿನ ದಿನ ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ಒಯ್ದಿದ್ದರು. ಅಣ್ಣ ಎಲ್ಲಿ ಎಂದು ಕೇಳುತ್ತಾ ಮಗನಿಗೆ ಕೊಟ್ಟ ಹಿಂಸೆಯನ್ನು ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಬರೆದು ತಿಳಿಸಿದರು. ಜಾರ್ಜ್ ಮತ್ತು ಸಂಗಡಿಗರ ಮೇಲೆ ಹೂಡಿದ ಬರೋಡಾ ಡೈನಾಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಸ್ನೇಹಲತಾ ಹೆಸರು ಇರಲಿಲ್ಲ. ಆದರೂ ಮೀಸಾ ಅವರನ್ನು ಸೆಂಟ್ರಲ್ ಜೈಲಿನ ಕೋಣೆಯಲ್ಲಿ ಎಂಟು ತಿಂಗಳು ಹಿಡಿದಿಟ್ಟಿತು. ಅಸ್ತಮಾ ಇದ್ದ ಹೆಂಗಸು. ರಾತ್ರಿಯ ನೀರವದಲ್ಲಿ ಅವರ ಕೋಣೆಯಿಂದ ಕೇಳಿಬರುತ್ತಿದ್ದ ಚೀರಾಟವನ್ನು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಮುಂದೆ ಬರೆದು ದಾಖಲಿಸಿದ್ದಾರೆ. ಅಲ್ಲಿಯೂ ಸ್ನೇಹಲತಾ ಸಹಕೈದಿ ಹೆಂಗಸರಿಗಾಗಿ ಜೈಲಿನವರೊಡನೆ ಹೋರಾಡಿದರು, ದಿನಚರಿ ಬರೆದರು. ಉಸಿರಾಟ ತೀರಾ ಹದಗೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. ಜನವರಿ 20ರಂದು ಅವರು ತೀರಿಕೊಂಡರು.

ತಾವು ಏಕೆ ಜೈಲಿನಲ್ಲಿದ್ದೇವೆಂದು ನ್ಯಾಯಾಲಯದ ಮುಂದೆ ಕೇಳುವ ಅವಕಾಶ ಅವರಿಗೆ ಕೊನೆಗೂ ಸಿಗಲಿಲ್ಲ. ಸಿಕ್ಕಿದ್ದರೆ ಸಾಕ್ಷ್ಯವಿಲ್ಲದ ಆ ಬಂಧನ ಎಷ್ಟು ದಿನ ಉಳಿಯುತ್ತಿತ್ತು?

ತುರ್ತುಪರಿಸ್ಥಿತಿಯ ಅತಿರೇಕಗಳ ತನಿಖೆ ನಡೆಸಿದ ಷಾ ಆಯೋಗ ಲೆಕ್ಕ ಹಾಕಿದಂತೆ ಆ ಅವಧಿಯಲ್ಲಿ ಮೀಸಾ ಅಡಿ 34,988 ಜನ, ಭಾರತ ರಕ್ಷಣಾ ನಿಯಮಗಳಡಿ 75,818 ಜನ ಸೆರೆಯಾದರು. ಗೆದ್ದು ಬಂದ ಜನತಾ ಸರ್ಕಾರ ಮೀಸಾವನ್ನು ರದ್ದು ಮಾಡಿತು. 1978ರ 44ನೇ ತಿದ್ದುಪಡಿಯ ಮೂಲಕ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ಎಂಥ ತುರ್ತಿನಲ್ಲಿಯೂ ಅಮಾನತಿನಲ್ಲಿಡದಂತೆ ಬೀಗ ಹಾಕಿತು. ‘ಒಳಗಲಭೆ’ ಎಂಬ ಸಡಿಲ ಪದ ಹೋಗಿ ‘ಸಶಸ್ತ್ರ ಬಂಡಾಯ’ ಬಂತು. ಎಡಿಎಂ ಜಬಲ್‌ಪುರ ತೀರ್ಪಿಗೆ ಸಹಿ ಹಾಕಿದ್ದ ಪಿ.ಎನ್. ಭಗವತಿ 2011ರಲ್ಲಿ ಬಹಿರಂಗವಾಗಿ ತಪ್ಪೊಪ್ಪಿಕೊಂಡರು. ಆ ತೀರ್ಪನ್ನು ಅಳಿಸುವ ಸಂದರ್ಭ ತಂದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು 2012ರಲ್ಲಿ ಹಾಕಿದ ಅರ್ಜಿಯಿಂದ ಬೆಳೆದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು, ತಮ್ಮ ತಂದೆ ವೈ.ವಿ. ಚಂದ್ರಚೂಡ್ ಬಹುಮತದಲ್ಲಿದ್ದ 1976ರ ತೀರ್ಪು ಗಂಭೀರ ದೋಷದ್ದೆಂದು ಬರೆದರು.

ಇಷ್ಟಾದರೂ ಒಂದು ಕೆಲಸ ಬಾಕಿ ಉಳಿದಿದೆ. 44ನೇ ತಿದ್ದುಪಡಿಯ 3ನೇ ಸೆಕ್ಷನ್, ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಹಿಡಿದಿಡುವ ಅವಧಿಯನ್ನು ಮೂರರಿಂದ ಎರಡು ತಿಂಗಳಿಗೆ ಇಳಿಸಿತು. ಮಂಡಳಿಯ ಅಧ್ಯಕ್ಷರು ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಯೇ ಆಗಿರಬೇಕೆಂದು, ಅವರನ್ನು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯೇ ಸೂಚಿಸಬೇಕೆಂದು ಹೇಳಿತು. ಸಂಸತ್ತು ಒಪ್ಪಿದ ಈ ಸೆಕ್ಷನ್ ಜಾರಿಯಾಗಲು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಬೇಕು. ಜನತಾ ಸರ್ಕಾರ ಹೊರಡಿಸಲಿಲ್ಲ, ಅದರ ನಂತರ ಬಂದ ಯಾವ ಪಕ್ಷದ ಸರ್ಕಾರವೂ ಹೊರಡಿಸಲಿಲ್ಲ. ಮೀಸಾ ಜೈಲಿನಲ್ಲಿ ದಿನ ಕಳೆದ ವಾಜಪೇಯಿ ಪ್ರಧಾನಿಯಾದರು, ಅಡ್ವಾಣಿ ಗೃಹಮಂತ್ರಿಯಾದರು, ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡ ಎಚ್.ಡಿ. ದೇವೇಗೌಡರೂ ಪ್ರಧಾನಿಯಾದರು. ಆ ಸೆಕ್ಷನ್ ಪುಸ್ತಕದಲ್ಲಿಯೇ ಉಳಿಯಿತು. ಸರ್ಕಾರವನ್ನು ಒತ್ತಾಯಿಸಲು ತನಗೆ ಸಾಧ್ಯವಿಲ್ಲವೆಂದು ಸುಪ್ರೀಂ ಕೋರ್ಟ್ ಎ.ಕೆ. ರಾಯ್ ಪ್ರಕರಣದಲ್ಲಿ 1981ರಲ್ಲಿಯೇ ಹೇಳಿಬಿಟ್ಟಿದೆ. ಈ ನಡುವೆ 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಹಿಡಿದಿಡಲು ಅವಕಾಶ ಕೊಟ್ಟಿತು. ಕರ್ನಾಟಕವೂ 1985ರಲ್ಲಿ ತನ್ನದೇ ‘ಗೂಂಡಾ ಕಾಯ್ದೆ’ ಮಾಡಿಕೊಂಡಿತು.

ದೇಶಕ್ಕೆ ಅಪಾಯಗಳಿವೆ, ಅಪಾಯ ತಡೆಯುವ ಅಧಿಕಾರ ಸರ್ಕಾರಕ್ಕೆ ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಹಿಡಿದ ಕೈ ಕಾರಣ ಹೇಳಬೇಕು, ಅದನ್ನು ಸರ್ಕಾರದ ಹಂಗಿಲ್ಲದ ನ್ಯಾಯಮೂರ್ತಿಯೊಬ್ಬರು ಬೇಗ ಕೇಳಬೇಕು. 1978ರಲ್ಲಿ ಸಂಸತ್ತು ಕೊಟ್ಟ ಮಾತೂ ಇದೇ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಈಗ ಗೊತ್ತುಪಡಿಸಿರುವ ಜಾಗ ಫ್ರೀಡಂ ಪಾರ್ಕ್. ಅಲ್ಲಿಗೆ ಹೋದವರು ಕಾವಲು ಗೋಪುರದ ಕೆಳಗೆ ಒಂದು ಗಳಿಗೆ ನಿಂತು ಸ್ನೇಹಲತಾ ರೆಡ್ಡಿಯವರನ್ನು ನೆನೆಯಲಿ. ಮುಂದಿನ ಬಾರಿ ಮತ ಕೇಳಿಕೊಂಡು ಸಂಸದರು ಮನೆ ಬಾಗಿಲಿಗೆ ಬಂದಾಗ, ಆ ಅಧಿಸೂಚನೆ ಯಾವಾಗ ಹೊರಡುತ್ತದೆಂದು ಕೇಳಲಿ.