ಪ್ರಾಚೀನ ಭಾರತದ ವಿದ್ವದ್ಗೋಷ್ಠಿಗಳು

ಪೂರ್ವಕಾಲದಲ್ಲಿ ವಿದ್ಯೆಯು ಗುರುಮುಖದಿಂದ ಶಿಷ್ಯನಿಗೆ ಬರುತ್ತಿದ್ದಿತೆಂಬುದು ಸರ್ವವಿದಿತವಾದುದು. ಆದರೆ ಬಲ್ಲವರು ಒಂದೆಡೆ ಕಲೆತು ತಾವರಿತುದನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವ ಬೇರೊಂದು ಮಾರ್ಗವೂ ಇದ್ದಿತು. ಗೋಷ್ಠಿಯೆಂಬುದು ಅದರ ಹೆಸರು. ಇದನ್ನು ಕೇವಲ ಕಾಲಹರಣದ ವಿನೋದವೆಂದೆಣಿಸುವುದು ಯುಕ್ತವಲ್ಲ.

ವಿದ್ಯೆ, ಬುದ್ಧಿ, ಶೀಲ, ವಿತ್ತ, ವಯಸ್ಸುಗಳಲ್ಲಿ ಸಮಾನರಾದವರು ಗಣಿಕೆಯ ಮನೆಯಲ್ಲಾಗಲಿ, ಸಭೆಯಲ್ಲಾಗಲಿ, ತಮ್ಮಲ್ಲೊಬ್ಬನ ಗೃಹದಲ್ಲಾಗಲಿ ಸೇರಿ ಕಾವ್ಯಸಮಸ್ಯೆ ಕಲಾಸಮಸ್ಯೆಗಳನ್ನು ಚರ್ಚಿಸುವುದೇ ಗೋಷ್ಠಿಯೆಂದು ವಾತ್ಸ್ಯಾಯನನು ಕಾಮಸೂತ್ರದಲ್ಲಿ ಹೇಳಿರುವನು. ಅಲ್ಲಿ ಬರಿಯ ಸಂಸ್ಕೃತವನ್ನೇ ಆಗಲಿ ಬರಿಯ ದೇಶಭಾಷೆಯನ್ನೇ ಆಗಲಿ ಆಡದವನು ಬಹುಮಾನ್ಯನು. ಲೋಕವು ದ್ವೇಷಿಸುವ, ಕಟ್ಟಿಲ್ಲದೆ ಹರಿಯುವ, ಪರರನ್ನು ನೋಯಿಸುವ ಗೋಷ್ಠಿಯನ್ನು ಪ್ರಾಜ್ಞನು ಸೇರಲಾಗದು ಎಂಬುದು ಅವನ ಮತ.

ಕ್ರಿ. ಶ. 900ರ ಸುಮಾರಿನಲ್ಲಿದ್ದ ರಾಜಶೇಖರನ ಕಾವ್ಯಮೀಮಾಂಸೆಯಲ್ಲಿ ಈ ವಲಯವು ಬಹಳ ವಿಸ್ತಾರವಾಗಿರುವುದು ಕಂಡುಬರುತ್ತದೆ. 1916ರಲ್ಲಿ ಬಡೋದೆಯಿಂದ ಪ್ರಕಟವಾದ ಈ ಗ್ರಂಥದ ರಾಜಸಭೆಯಲ್ಲಿ ಸಂಸ್ಕೃತ, ಪ್ರಾಕೃತ, ಅಪಭ್ರಂಶ, ಪೈಶಾಚಿ ಕವಿಗಳಿಗೆ ನಾಲ್ಕು ದಿಕ್ಕುಗಳಲ್ಲಿ ಆಸನಗಳುಂಟು. ಅವರ ಹಿಂದೆ ವೈದ್ಯರು, ಜ್ಯೋತಿಷಿಗಳು, ಗಾಯಕರು, ಚಿತ್ರಕಾರರು, ಅಕ್ಕಸಾಲೆಗಳು, ಬಡಗಿಗಳು, ಕಮ್ಮಾರರು ಮೊದಲಾದವರೂ ಕುಳಿತುಕೊಳ್ಳುವರು. ಕರ್ಣಾಟರು ಗರ್ವದಿಂದ ಟಂಕಾರಗೈದು ಕಾವ್ಯವನ್ನು ಓದುವರೆಂದೂ ಅವನು ಬರೆದಿರುವುದರಿಂದ, ನಾನಾದೇಶದ ಪಾಠಕ್ರಮಗಳು ಅಂದಿನ ವಿದ್ವಾಂಸರಿಗೆ ಪರಿಚಿತವಾಗಿದ್ದುವೆಂದು ಊಹಿಸಬಹುದು. ತನ್ನ ಪತ್ನಿ ಅವಂತಿಸುಂದರಿಯ ಮತಗಳನ್ನೂ ಅವನು ಹೆಸರೆತ್ತಿ ಉದಾಹರಿಸಿರುವನು. ಕವಿಯ ದಿನಚರಿಯಲ್ಲಿ ಭೋಜನಾನಂತರ ಕಾವ್ಯಗೋಷ್ಠಿಯು ವಿಹಿತವಾಗಿದೆ. ನಾಲ್ಕನೆಯ ಯಾಮದಲ್ಲಿ ಕವಿಯು ಏಕಾಂತದಲ್ಲಾಗಲಿ ಪರಿಮಿತ ಪರಿಷತ್ತಿನೊಡನಾಗಲಿ ಬೆಳಗಿನ ತನ್ನ ರಚನೆಯನ್ನು ಪರೀಕ್ಷಿಸಬೇಕು.

ಇವೆಲ್ಲ ಶಾಸ್ತ್ರವಿಧಿಗಳು, ನಡೆದ ಸಂಗತಿಗಳ ವೃತ್ತಾಂತವಲ್ಲವೆಂದು ಆಕ್ಷೇಪಿಸಬಹುದು. ಆಕ್ಷೇಪವು ಸರಿಯೇ. ಆದರೆ ಪ್ರಾಪ್ತಿಯಿದ್ದಲ್ಲಿ ಮಾತ್ರವೇ ನಿಷೇಧಕ್ಕೆ ಅವಕಾಶ. ಪರಪೀಡೆಯ ಗೋಷ್ಠಿಯನ್ನು ವಾತ್ಸ್ಯಾಯನನು ನಿಷೇಧಿಸಿದುದರಿಂದಲೇ ಅಂತಹವು ಇದ್ದುವೆಂದು ತಿಳಿಯಬೇಕು. ರಾಜಶೇಖರನು ಹೇಳುವ ನಾಲ್ವರು ವಿಮರ್ಶಕರೂ ಇದಕ್ಕೆ ಸಾಕ್ಷಿಗಳು: ಏನೂ ರುಚಿಸದ ಅರೋಚಕಿ, ಹುಲ್ಲುಸಹಿತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಪರರ ಗುಣವನ್ನು ಕಂಡೂ ಮೌನವಾಗಿರುವ ಮತ್ಸರಿ, ಸಾವಿರದಲ್ಲೊಬ್ಬನು ದೊರೆತರೆ ದೊರೆತಾನೆಂಬ ತತ್ತ್ವಾಭಿನಿವೇಶಿ.

ಇದರಿಂದ ಸಿದ್ಧವಾಗುವುದಿಷ್ಟು: ಸಭೆಯ ವಿಸ್ತಾರವೊಂದರಿಂದಲೇ ವಿದ್ಯೆಯು ಬೆಳೆಯುವುದೆಂದು ಪ್ರಾಚೀನರು ಭ್ರಮಿಸಿರಲಿಲ್ಲ. ಕಮ್ಮಾರನಿಗೂ ಆಸನವನ್ನು ಕಲ್ಪಿಸಿದ ಸಭೆಯಲ್ಲಿಯೂ, ಗುಣವನ್ನು ಗುಣವೆಂದು ಬಾಯ್ಬಿಟ್ಟು ಹೇಳಬಲ್ಲ ಒಬ್ಬನಿಲ್ಲದಿದ್ದರೆ ಗೋಷ್ಠಿಯು ಬರಿಯ ಗದ್ದಲವಾಗುವುದು.