ಹುಣಸೆಹಣ್ಣು ಮತ್ತು ಮಾವನೋರ ಕೋವಿ

ಮೊನ್ನೆ ಮಗ ಮೊಬೈಲಲ್ಲಿ ಎರಡು ರೈಫಲ್ಲಿನ ಚಿತ್ರ ತೋರಿಸಿ, "ಅಮ್ಮಾ, ಈ ಕಪ್ಪು ನಳಿಗೆ ಒಳ್ಳೇದೋ, ಈ ಸ್ಟೀಲಿಂದೋ?" ಅಂದ. ತಗೊಳ್ಳೋ ಯೋಚನೆ ಏನಿಲ್ಲ, ನೋಡೋ ಹುಚ್ಚು ಅಷ್ಟೇ. ನಂಗೆ ನೆನಪಾಗಿದ್ದು ಮದುವೆಯಾದ ವರ್ಷದ ಆಯುಧಪೂಜೆ.

ನಮ್ಮ ಮಲೆನಾಡಲ್ಲಿ ತೋಟ ಇದ್ದೋರ ಮನೇಲಿ ಬೆಳೆ ರಕ್ಷಣೆಗೆ ಅಂತ ಲೈಸನ್ಸಿನ ಕೋವಿ ಇರೋದು ಹೊಸತಲ್ಲ. ಮಾವನೋರ ಕೋವಿಯ ನಳಿಗೆ ನೇರಳೆಹಣ್ಣಿನ ಬಣ್ಣ. ಪೂಜೆ ಹಿಂದಿನ ದಿನ ಅತ್ತೆ "ಕತ್ತಿ, ಗುದ್ದಲಿ, ಕೋವಿ ಎಲ್ಲ ಒರೆಸಿಡೇ" ಅಂದ್ರು. ಕಪ್ಪು ಅಂದ್ರೆ ಕೊಳೆ ಅಂತ ತಿಳ್ಕೊಂಡ ನಾನು ದೀಪದ ಕಂಬದ ಜೊತೆಗೇ ನಳಿಗೆಗೂ ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಲ್ಲಿ ತಿಕ್ಕೇ ತಿಕ್ಕಿದೆ. ಗೇಣುದ್ದ ಜಾಗ ಬೆಳ್ಳಗಾಯ್ತು. ನಂಗೋ ಹೆಮ್ಮೆ! ಬೆಳಿಗ್ಗೆ ನೋಡಿದ್ರೆ ಬೆಳ್ಳಗಾದಷ್ಟೂ ಕೆಂಪು ತುಕ್ಕು. ಮಾವನೋರು ಬೈಲಿಲ್ಲ. ಊಟಕ್ಕೆ ಬರಲಿಲ್ಲ. ಬೈದಿದ್ರೇ ವಾಸಿಯಿತ್ತು.

ಆಮೇಲೆ ಗೊತ್ತಾಗಿದ್ದು, ಆ ನೀಲಿಕಪ್ಪು ಬಣ್ಣವೂ ಒಂದು ಜಾತಿ ತುಕ್ಕೇ ಅಂತ. ಹಳೇ ಪದ್ಧತೀಲಿ ನಳಿಗೆಯ ಜಿಡ್ಡು ತೆಗೆದು, ಆಸಿಡ್ ಬೆರೆಸಿದ ನೀರು ಸವರಿ, ತೇವದ ಜಾಗದಲ್ಲಿಟ್ಟು ಬೇಕಂತಲೇ ತುಕ್ಕು ಹಿಡಿಸ್ತಿದ್ರು. ಆ ಕೆಂಪು ತುಕ್ಕು ಕುದಿಯೋ ನೀರಲ್ಲಿ ಕಪ್ಪಾಗ್ತದೆ. ಸಡಿಲ ಪುಡಿಯನ್ನ ತಂತಿ ಬ್ರಷ್ಷಲ್ಲಿ ಉಜ್ಜಿ ಮತ್ತೆ ಸವರೋದು, ಮತ್ತೆ ತುಕ್ಕು, ಮತ್ತೆ ಕುದಿ, ದಿನಗಟ್ಟಲೆ. ಕುದಿಸದೆ ಬಿಟ್ರೆ ಕಂದು ಬಣ್ಣ. ಹಳೇ ಕಾಲದ ಎಷ್ಟೋ ಕೋವಿಗಳು ಹಾಗೇ ಕಂದು. ಕಾಸ್ಟಿಕ್ ಸೋಡ, ಪೆಟ್ಲುಪ್ಪಿನ ಕುದಿಯೋ ತೊಟ್ಟಿಯಲ್ಲಿ ಅದ್ದೋದು ಆಮೇಲೆ ಬಂದ ವಿದ್ಯೆ. ಹೇಗೇ ಮಾಡಿದ್ರೂ ಅದು ತೆಳು ಪದರ, ಎಣ್ಣೆ ಹಿಡ್ಕೊಂಡು ಕಬ್ಬಿಣ ಕಾಯೋದು ಅದರ ಕೆಲಸ. ಹುಳಿ ತಾಗಿದ್ರೆ ಮುಗೀತು.

ಇನ್ನು ಸ್ಟೀಲಿನ ಕಥೆ. ಇಂಗ್ಲೆಂಡಿನ ಶೆಫೀಲ್ಡಲ್ಲಿ ಹ್ಯಾರಿ ಬ್ರೇರ್ಲಿ ಅಂತ ಒಬ್ರು, 12 ವರ್ಷಕ್ಕೇ ಶಾಲೆ ಬಿಟ್ಟು ಕೂಲಿಗೆ ಸೇರಿ, ಕಲ್ತು ಪ್ರಯೋಗಾಲಯದ ಮುಖ್ಯಸ್ಥರಾದೋರು. 1912ರಲ್ಲಿ ಅವರಿಗೆ ಬಂದ ಕೆಲಸ ರೈಫಲ್ ನಳಿಗೆಯದ್ದೇ: ಗುಂಡು ಹಾರಿ ಹಾರಿ ಒಳಗೆ ಸವೀತದೆ, ಏನಾದ್ರೂ ಮಾಡಿ ಅಂತ. 1913ರ ಆಗಸ್ಟಲ್ಲಿ ಶೇಕಡ 12.8 ಕ್ರೋಮಿಯಂ ಹಾಕಿ ಒಂದು ಉಕ್ಕು ಎರಕ ಮಾಡಿಸಿದ್ರು. ಸೂಕ್ಷ್ಮದರ್ಶಕದಲ್ಲಿ ನೋಡೋಕೆ ಆಸಿಡ್ ಹಚ್ಚಿದ್ರೆ ಅದು ಜಗ್ಗಲೇ ಇಲ್ಲ. ವಿನೆಗರಿಗೂ ಇಲ್ಲ, ನಿಂಬೆರಸಕ್ಕೂ ಇಲ್ಲ. ಶೆಫೀಲ್ಡು ಚಾಕು ಚೂರಿಯ ಊರು, ನಳಿಗೆಗೆ ಅಂತ ಹುಡುಕಿದ್ದು ಊಟದ ಮೇಜಿಗೆ ಬಂತು. ನನ್ನ ಅಡುಗೆಮನೆಯ ಹುಳಿ ಪಾತ್ರೆಯ ಮೂಲ ಕೋವಿ ಅಂದ್ರೆ ನಂಬ್ತೀರಾ? ಕೋವಿಗಳಿಗೆ ಅದು ವಾಪಸ್ ಹೋಗೋಕೆ ಎಷ್ಟೋ ವರ್ಷ ಬೇಕಾಯ್ತು. ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಪೂರ್ತಿ ಸ್ಟೀಲಿನ ರಿವಾಲ್ವರ್ ತಂದಿದ್ದು 1965ರಲ್ಲಿ.

ಸ್ಟೀಲಿಗೂ ಕಣ್ಣಿಗೆ ಕಾಣದ ಕ್ರೋಮಿಯಂ ಪದರವೇ ಕಾವಲು. ಗೀಚಿದ್ರೆ ತಾನೇ ಮತ್ತೆ ಕಟ್ಕೊಳ್ತದೆ, ನೀಲಿಗೆ ಆ ಗುಣ ಇಲ್ಲ. ಹಾಗಂತ ಸ್ಟೀಲು ಅಮರ ಅಲ್ಲ, ಉಪ್ಪಿನಕಾಯಿ ತಿಂಗಳುಗಟ್ಟಲೆ ಇಟ್ಟ ಡಬ್ಬಿಯ ತಳ ನೋಡಿ, ಚುಕ್ಕಿ ಬಿದ್ದಿರ್ತದೆ. ಮತ್ತೆ ಬಿಸಿಲಿಗೆ ಹೊಳೀತದೆ, ಮಂಗ ದೂರದಿಂದಲೇ ನೋಡಿ ಪರಾರಿ. (ನಮಗೆ ಅದೇ ಬೇಕಾಗಿದ್ದು, ಬಿಡಿ.)  ಒಳಗನ್ನ ಒರೆಸಿ ಎಣ್ಣೆ ಹಾಕೋ ಕೆಲಸ ಯಾವುದು ತಗೊಂಡ್ರೂ ತಪ್ಪಲ್ಲ.

"ನಮ್ಮ ಮಳೆಗೆ, ನಿನ್ನ ಸೋಮಾರಿತನಕ್ಕೆ ಸ್ಟೀಲೇ ಸರಿ" ಅಂದೆ ಮಗನಿಗೆ. ಆದ್ರೆ ಚೆಂದ ಕೇಳಿದ್ರೆ ನೀಲಿಯದ್ದೇ.

ಮಾವನೋರು ಆಗ ರಿಪೇರಿಯವರ ಹತ್ರ ಆ ಗೇಣುದ್ದ ಜಾಗಕ್ಕಷ್ಟೇ ಬಣ್ಣ ಮಾಡಿಸಿ ತಂದ್ರು. ಇವತ್ತಿಗೂ ಅಲ್ಲಿ ಒಂಚೂರು ತಿಳಿ. ಕೋವಿ ಇಳಿಸಿ ಮಗನಿಗೆ ತೋರಿಸಿ, "ಇದು ನಾನೇ ಮಾಡಿದ್ದು" ಅಂದೆ.

"ನೀನಾ? ಅಜ್ಜ ತಾನೇ ಮಾಡಿದ್ದು ಅಂತಿದ್ರಲ್ಲ" ಅಂದ.