ಅಜ್ಜನ ಮೋಡಿ ಚೋಪಡಿ, ನನ್ನ ಲ್ಯಾಪ್‌ಟಾಪು

ಮೂರು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಪುಣೆಗೆ ರಾತ್ರಿ ಬಸ್ಸಿನಲ್ಲಿ ಬರುವಾಗ ನನ್ನ ಲ್ಯಾಪ್‌ಟಾಪಿನ ಚೀಲ ಕಳುವಾಯಿತು. ಸ್ವಾರಗೇಟಿನಲ್ಲಿ ಎದ್ದು ನೋಡಿದರೆ ಸೀಟಿನ ಕೆಳಗೆ ಚಪ್ಪಲಿ ಮಾತ್ರ ಇದ್ದವು. ನಾನು ಕೊಥರೂಡಿನ ಮನೆಯಿಂದಲೇ ಸಣ್ಣ ಅಂಗಡಿಯವರ ಜಿಎಸ್‌ಟಿ ಲೆಕ್ಕ ನೋಡುವವಳು. ನಲವತ್ತು ಮಂದಿಯ ಪ್ಯಾನ್ ನಂಬರು, ಬ್ಯಾಂಕ್ ಖಾತೆ, ಯಾರಿಗೆ ಯಾರಿಂದ ಎಷ್ಟು ಬಾಕಿ, ಎಲ್ಲ ಅದರಲ್ಲೇ ಇತ್ತು.

"ಪಾಸ್‌ವರ್ಡ್ ಇದೆಯಲ್ಲ" ಅಂದೆ. ಮಗಳು ತಲೆಯಾಡಿಸಿದಳು. "ಅದು ಮುಂಬಾಗಿಲಿಗೆ ಮಾತ್ರ ಅಮ್ಮ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲ ಓದಬಹುದು." ನಲವತ್ತು ಮಂದಿಗೂ ನಾನೇ ಫೋನ್ ಮಾಡಿ ವಿಷಯ ತಿಳಿಸಿದೆ. ಇಬ್ಬರು ಲೆಕ್ಕ ವಾಪಸ್ ತಗೊಂಡರು. ಅವರದು ತಪ್ಪು ಅನ್ನಲಾರೆ.

ಆಗ ನೆನಪಾದದ್ದು ನಿಪ್ಪಾಣಿಯ ಅಜ್ಜನ ಕೆಂಪು ಬಟ್ಟೆಯ ಚೋಪಡಿ. ಮನೆಮಾತು ಕನ್ನಡವಾದರೂ ಅಜ್ಜ ಲೆಕ್ಕ ಬರೆಯುತ್ತಿದ್ದುದು ಮೋಡಿ ಲಿಪಿಯಲ್ಲಿ. ಲೇಖನಿ ಎತ್ತದೆ ಸರಸರ ಬರೆಯುವ ಆ ಲಿಪಿ ಗುಟ್ಟಿಗಾಗಿ ಹುಟ್ಟಿದ್ದಲ್ಲ, ವೇಗಕ್ಕಾಗಿ ಬೆಳೆದದ್ದು. ಆದರೆ ನಮ್ಮ ಮನೆಯಲ್ಲಿ ಈಗ ಅದೇ ಬೀಗ, ಏಕೆಂದರೆ ಓದುವವರೇ ಇಲ್ಲ. ಪುಣೆಯ ಪೇಶ್ವೆ ದಫ್ತರದಲ್ಲಿಯೂ ಮೋಡಿ ಕಾಗದಗಳು ರುಮಾಲುಗಟ್ಟಲೆ ಇವೆ. ಜಿ. ಎಸ್. ಸರದೇಸಾಯಿಯವರು 1930ರಿಂದ 1934ರೊಳಗೆ ಅದರಿಂದ ಆಯ್ದು 45 ಸಂಪುಟ ಹೊರತಂದರೂ ಉಳಿದದ್ದೇ ಬಹಳ.

ಬೇಕೆಂದೇ ಗುಟ್ಟಾಗಿ ಬರೆಯುವ ವಿದ್ಯೆಯೂ ನಮ್ಮಲ್ಲಿ ಹಳೆಯದು. ಕಾಮಸೂತ್ರ ಹೆಣ್ಣುಮಕ್ಕಳು ಕಲಿಯಬೇಕೆನ್ನುವ 64 ಕಲೆಗಳಲ್ಲಿ 'ಮ್ಲೇಚ್ಛಿತ ವಿಕಲ್ಪ'ವೂ ಒಂದು. ಅಕ್ಷರ ಅದಲುಬದಲು ಮಾಡಿ ಬೇರೆಯವರಿಗೆ ತಿಳಿಯದಂತೆ ಬರೆಯುವುದು. ಅಡುಗೆ, ಹೂ ಕಟ್ಟುವುದರ ಜೊತೆಗೇ ಇದೂ! ಈ ಮಾತನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಲಿಲ್ಲ. ಕನ್ನಡದ ಸಿರಿಭೂವಲಯ ಇನ್ನೊಂದು ಬಗೆ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕುಮುದೇಂದು ಮುನಿಯ ಆ ಗ್ರಂಥದಲ್ಲಿ ಅಕ್ಷರವೇ ಇಲ್ಲ, 1ರಿಂದ 64ರವರೆಗಿನ ಅಂಕಿಗಳು ಮಾತ್ರ. 27 ಸಾಲು, 27 ಕಂಬದ ಚೌಕದಲ್ಲಿ 729 ಮನೆ. ಯಾವ ಬಂಧದಲ್ಲಿ ಸಾಗಬೇಕೆಂದು ಗೊತ್ತಿದ್ದರೆ ಪದ್ಯ, ಇಲ್ಲದಿದ್ದರೆ ಬರೀ ಅಂಕಿ.

ವ್ಯಾಪಾರಕ್ಕೆಂದೇ ಯಂತ್ರ ಮಾಡಿದವನು ಜರ್ಮನಿಯ ಆರ್ಥರ್ ಶೆರ್ಬಿಯುಸ್. 1918ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1923ರ ಹೊತ್ತಿಗೆ ಕಂಪನಿ, ಬ್ಯಾಂಕುಗಳಿಗೆಂದು 'ಎನಿಗ್ಮಾ'ವನ್ನು ಮಾರುಕಟ್ಟೆಗೆ ತಂದ. ಬೆಲೆ ಜಾಸ್ತಿಯಾಗಿ ವ್ಯಾಪಾರಿಗಳು ಹೆಚ್ಚು ಕೊಳ್ಳಲಿಲ್ಲ, ಸೈನ್ಯ ಕೊಂಡಿತು. ಮುಂದಿನ ಕಥೆ ಸಿನಿಮಾಗಳಲ್ಲಿ ನೋಡಿದ್ದೀರಿ. ಕಂಪ್ಯೂಟರ್ ಬಂದಮೇಲೆ 1977ರಲ್ಲಿ ಅಮೆರಿಕ ಡಿಇಎಸ್ ಎಂಬ ಪದ್ಧತಿಯನ್ನು ಮಾನಕ ಮಾಡಿತು. ಅದರ 56 ಬಿಟ್ಟಿನ ಕೀಲಿಯನ್ನು 1998ರಲ್ಲಿ ಒಂದು ಯಂತ್ರ ಮೂರು ದಿನದೊಳಗೆ ಹುಡುಕಿಬಿಟ್ಟಿತು. 2001ರಲ್ಲಿ ಇಬ್ಬರು ಬೆಲ್ಜಿಯನ್ನರು ರೂಪಿಸಿದ ಎಇಎಸ್ ಬಂತು. ಇವತ್ತು ನಮ್ಮ ಫೋನು, ಲ್ಯಾಪ್‌ಟಾಪು ಕಾಯುತ್ತಿರುವುದು ಹೆಚ್ಚಾಗಿ ಅದೇ.

ಹಾಗೆಂದು ಗೂಢಲಿಪಿ ಎಲ್ಲಕ್ಕೂ ಮದ್ದಲ್ಲ, ಇದನ್ನು ನಮ್ಮ ಪುಣೆಯೇ ಕಂಡಿದೆ. 1906ರಲ್ಲಿ ಶುರುವಾದ ಇಲ್ಲಿನ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 2018ರ ಆಗಸ್ಟ್ 11 ಮತ್ತು 13ರಂದು ಸುಮಾರು 94 ಕೋಟಿ ರೂಪಾಯಿ ಹೋಯಿತು. ಕಳ್ಳರು ಬೀಗ ಒಡೆಯಲಿಲ್ಲ. ಎಟಿಎಂ ಕೇಳುವ "ಹಣ ಕೊಡಲೇ?" ಎಂಬ ಪ್ರಶ್ನೆ ಬ್ಯಾಂಕಿಗೆ ಮುಟ್ಟುವ ಮೊದಲೇ, ನಡುವೆ ಒಂದು ನಕಲಿ ವ್ಯವಸ್ಥೆ ಕೂತು "ಕೊಡು" ಎಂದು ಉತ್ತರಿಸಿತು. 28 ದೇಶಗಳ ಎಟಿಎಂಗಳು ಕೊಟ್ಟುಬಿಟ್ಟವು. ನಮ್ಮ ಕಟ್ಟಡದ ನಿವೃತ್ತರೆಲ್ಲ ಆ ವಾರ ಪಾಸ್‌ಬುಕ್ ಹಿಡಿದು ಲಿಫ್ಟಿನಲ್ಲಿ ಅದೇ ಮಾತು ಆಡುತ್ತಿದ್ದರು.

ಆದರೆ ಬಸ್ಸಿನಲ್ಲಿ ಕಳೆದ ಲ್ಯಾಪ್‌ಟಾಪಿಗೆ ಮಾತ್ರ ಇದೇ ಸರಿಯಾದ ಮದ್ದು. ಹೊಸದನ್ನು ತಂದ ದಿನವೇ ಮಗಳು ಇಡೀ ಡಿಸ್ಕಿಗೆ ಬಿಟ್‌ಲಾಕರ್ ಹಾಕಿಕೊಟ್ಟಳು. ಖರ್ಚು ಏನೂ ಆಗಲಿಲ್ಲ, ಕೆಲಸವೂ ನಿಧಾನವಾದಂತೆ ಅನ್ನಿಸಲಿಲ್ಲ. ಕೊನೆಗೆ 48 ಅಂಕಿಗಳ ಒಂದು ಕೀಲಿ ಕೊಟ್ಟಿತು. ಏನಾದರೂ ಕೆಟ್ಟು ಲ್ಯಾಪ್‌ಟಾಪು ಅದನ್ನು ಕೇಳಿದಾಗ ನಮ್ಮ ಬಳಿ ಇಲ್ಲದಿದ್ದರೆ, ಕಳ್ಳನಿಗಷ್ಟೇ ಅಲ್ಲ, ನನಗೂ ಬಾಗಿಲು ಬಂದ್. ಆ ಅಂಕಿಗಳನ್ನು ಎರಡು ಚೀಟಿಯಲ್ಲಿ ಬರೆದೆ. ಒಂದು ಲಾಕರಿನಲ್ಲಿ ಬಳೆಗಳ ಜೊತೆ, ಇನ್ನೊಂದು ಧಾರವಾಡದ ಅಕ್ಕನ ಬಳಿ. ಲ್ಯಾಪ್‌ಟಾಪಿನ ಚೀಲದಲ್ಲಿ ಖಂಡಿತ ಇಲ್ಲ. ಕೇಳಬೇಡಿ, ಮೊದಲ ವಾರ ಅಲ್ಲೇ ಇಟ್ಟಿದ್ದೆ.

ಕಳೆದ ದೀಪಾವಳಿಯಿಂದ ಸದಾಶಿವ ಪೇಟೆಯ ಹಿರಿಯರೊಬ್ಬರ ಬಳಿ ಮೋಡಿ ಕಲಿಯುತ್ತಿದ್ದೇನೆ. ಅಜ್ಜನ ಚೋಪಡಿಯಲ್ಲಿ ಈವರೆಗೆ ಎರಡು ಪುಟ ಓದಲು ಬಂದಿದೆ. ನಿಪ್ಪಾಣಿಯ ಒಬ್ಬರು ಅಜ್ಜನಿಗೆ ಏಳು ರೂಪಾಯಿ ಎಂಟಾಣೆ ಕೊಡಬೇಕು. ಹೆಸರು ಗೊತ್ತಾಗಿದೆ, ಹೇಳುವುದಿಲ್ಲ.